ಅಣ್ಣಿಗೇರಿಯ ಎಗ್ ರೈಸ್

ನನ್ನ ಗೆಳೆಯನ ಫೋನಿನಲ್ಲಿ ಒಂದು ಮೆಸೇಜ್ ಇತ್ತು. ರಾತ್ರಿ 11 ಗಂಟೆ 17 ನಿಮಿಷಕ್ಕೆ 120 ರೂಪಾಯಿ ಕಟ್ ಆಗಿದೆ. ಯಾರಿಗೆ ಹೋಯ್ತು ಅಂತ ನೋಡಿದರೆ ಅಣ್ಣಿಗೇರಿಯ ಒಂದು ಎಗ್ ರೈಸ್ ಗಾಡಿಗೆ. ಅವನಿಗೆ ಎಗ್ ರೈಸ್ ಇರಲಿ, ದಾರಿಯಲ್ಲಿ ಅಣ್ಣಿಗೇರಿ ಬಂದದ್ದೇ ನೆನಪಿಲ್ಲ.

ಮೇ ತಿಂಗಳು. ಗದಗಿನಲ್ಲಿ ಒಂದು ಮದುವೆ. ಸಂಜೆ ಗೆಳೆಯರೆಲ್ಲ ಊರ ಹೊರಗಿನ ಧಾಬಾದಲ್ಲಿ ಸೇರಿದರು. ಧಾಬಾದಲ್ಲಿ ಕೂತದ್ದು ನೆನಪಿದೆ. ಎರಡನೇ ಕ್ವಾರ್ಟರ್ ತೆರೆದದ್ದು ನೆನಪಿದೆ. ಆಮೇಲೆ ಬೆಳಗ್ಗೆ ಹುಬ್ಬಳ್ಳಿಯ ಮನೆಯಲ್ಲಿ ಎದ್ದದ್ದು ನೆನಪಿದೆ. ನಡುವಿನ ಸುಮಾರು 60 ಕಿಲೋಮೀಟರ್ ಖಾಲಿ. ಕಾರು ಓಡಿಸಿದ್ದು ಕುಡಿಯದ ಮಾವನ ಮಗ, ಪುಣ್ಯಕ್ಕೆ. ಅವನನ್ನು ಕೇಳಿದರೆ, 'ಅಣ್ಣಾ, ನೀ ಚೊಲೋನೇ ಇದ್ದಿ. ದಾರಿ ಪೂರ್ತಿ ಮಾತಾಡ್ಕೋತ ಬಂದಿ. ನಂಗ 20 ಸಾವಿರ ಕೊಡ್ತೀನಿ ಅಂದಿ' ಅಂದ.

ಹಣದ ಮಾತು ಕೇಳಿ ನಾನು ನಕ್ಕೆ. ಗೆಳೆಯ ನಗಲಿಲ್ಲ. 'ದೋಸ್ತ, ನಾ ಕುಡುಕ ಆಗೇನೇನು?' ಅಂತ ಕೇಳಿದ. ಇದೇ ಮೊದಲ ಸಲ ಹೀಗಾದದ್ದು ಅಂತಲೂ ಸೇರಿಸಿದ.

ನಮ್ಮ ಕಡೆ ಇಂಥದಕ್ಕೆಲ್ಲ ಇರುವುದು ಒಂದೇ ಮಾತು: ಖಬರ್ ಇರಲಿಲ್ಲ. ಕುಡಿದು ರಸ್ತೆ ಬದಿ ಬಿದ್ದವನಿಗೂ ಖಬರ್ ಇರಲಿಲ್ಲ, ಕುಡಿದು ಏನು ಮಾಡಿದೆ ಅಂತ ನೆನಪಿಲ್ಲದವನಿಗೂ ಖಬರ್ ಇರಲಿಲ್ಲ. ಆದರೆ ಇವು ಎರಡೂ ಬೇರೆ ಬೇರೆ. ಬಿದ್ದವನ ಎಚ್ಚರ ತಪ್ಪಿದೆ. ನನ್ನ ಗೆಳೆಯನಿಗೆ ಎಚ್ಚರ ಇತ್ತು. ಮಾತಾಡಿದ್ದಾನೆ, ಫೋನಿನ ಪಿನ್ ಒತ್ತಿದ್ದಾನೆ, ಖಾರ ಜಾಸ್ತಿ ಹಾಕು ಅಂತ ಗಾಡಿಯವನಿಗೆ ಹೇಳಿದ್ದಾನೆ. ಆಗ ಖಬರ್ ಇತ್ತು. ಈಗ ಇಲ್ಲ, ಅಷ್ಟೇ. ಇದಕ್ಕೆ ವೈದ್ಯರು ಬ್ಲ್ಯಾಕೌಟ್ ಅನ್ನುತ್ತಾರೆ. 'ನೆನಪು ಹೋಯ್ತು' ಅನ್ನುವುದೂ ಪೂರ್ತಿ ಸರಿಯಲ್ಲ. ಬಂದಿದ್ದರೆ ತಾನೇ ಹೋಗುವುದು?

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಒಂದು ಅಂಗಡಿಯನ್ನು ನೆನೆಸಿಕೊಳ್ಳಿ. ಚೀಲ ಬರುತ್ತವೆ, ತೂಕ ಆಗುತ್ತದೆ, ತೂಕದ ಲೆಕ್ಕವನ್ನು ಯಾರೋ ಒಂದು ಚೀಟಿಯಲ್ಲಿ ಗೀಚುತ್ತಾರೆ. ಗುಮಾಸ್ತ ಆ ಚೀಟಿ ನೋಡಿ ಕಿರ್ದಿಯಲ್ಲಿ ಬರೆಯುತ್ತಾನೆ. ಚೀಟಿ ಸ್ವಲ್ಪ ಹೊತ್ತಿಗೆ ಕಸದ ಪಾಲು. ಕಿರ್ದಿ ವರ್ಷಗಟ್ಟಲೆ ಉಳಿಯುತ್ತದೆ. ನಮ್ಮ ತಲೆಯಲ್ಲಿ ಈ ಗುಮಾಸ್ತನ ಕೆಲಸ ಮಾಡುವುದು ಹಿಪ್ಪೊಕ್ಯಾಂಪಸ್. ಎರಡೂ ಕಿವಿಗಳ ನೇರಕ್ಕೆ, ಮೆದುಳಿನ ಒಳಗೆ, ಬಾಗಿದ ಒಂದು ಸಣ್ಣ ಭಾಗ. ಸಮುದ್ರಕುದುರೆಯ ಹಾಗೆ ಕಾಣುತ್ತದೆ ಅಂತ ಆ ಹೆಸರು. ರಕ್ತದಲ್ಲಿ ಮದ್ಯ ಜೋರಾಗಿ ಏರಿದಾಗ ಈ ಗುಮಾಸ್ತ ಕೈಚೆಲ್ಲಿ ಕೂರುತ್ತಾನೆ. ವ್ಯಾಪಾರ ಮಾತ್ರ ನಡೆದೇ ಇರುತ್ತದೆ. ಚೀಟಿ ಇರುವುದರಿಂದ ಎರಡು ನಿಮಿಷದ ಹಿಂದಿನ ಮಾತಿಗೆ ಉತ್ತರ ಕೊಡಬಹುದು. ಹಳೆಯ ಕಿರ್ದಿ ಹಾಗೇ ಇರುವುದರಿಂದ ಮನೆಯ ವಿಳಾಸ, ಪಿನ್, ಹೆಂಡತಿಯ ಹೆಸರು ಎಲ್ಲ ಗೊತ್ತಿರುತ್ತದೆ. ಜೊತೆಯಲ್ಲಿ ಕೂತವರಿಗೆ ಏನೂ ಅನುಮಾನ ಬರುವುದಿಲ್ಲ. ಮಾವನ ಮಗ 'ಚೊಲೋನೇ ಇದ್ದಿ' ಅಂದದ್ದು ಸುಳ್ಳಲ್ಲ.

ಇದನ್ನು ಡೊನಾಲ್ಡ್ ಗುಡ್ವಿನ್ ಎಂಬ ಅಮೆರಿಕದ ಮನೋವೈದ್ಯ 1970ರ ಸುಮಾರಿಗೆ ಕಣ್ಣಾರೆ ನೋಡಿದರು. ಕುಡಿತದ ಅಭ್ಯಾಸವಿದ್ದ ಹತ್ತು ಜನ ಗಂಡಸರಿಗೆ ನಾಲ್ಕು ತಾಸಿನಲ್ಲಿ ಸುಮಾರು ಅರ್ಧ ಲೀಟರ್ ವಿಸ್ಕಿ ಕುಡಿಸಿದರು. (ಈಗ ಇಂಥ ಪ್ರಯೋಗಕ್ಕೆ ಯಾರೂ ಒಪ್ಪಿಗೆ ಕೊಡಲಿಕ್ಕಿಲ್ಲ.) ನಡುನಡುವೆ ಆಟಿಗೆ ಸಾಮಾನು ತೋರಿಸಿದರು, ಮರೆಯುವುದು ಕಷ್ಟ ಅನ್ನಿಸುವಂಥ ಸಿನಿಮಾ ದೃಶ್ಯ ತೋರಿಸಿದರು. ಎರಡು ನಿಮಿಷ ಬಿಟ್ಟು ಕೇಳಿದರೆ ಹೆಚ್ಚಿನವರು ಸರಿಯಾಗಿ ಹೇಳಿದರು. ಅರ್ಧ ತಾಸು ಬಿಟ್ಟು ಕೇಳಿದಾಗ ಅರ್ಧ ಜನಕ್ಕೆ ಏನೂ ಗೊತ್ತಿಲ್ಲ. ಮರುದಿನವೂ ಗೊತ್ತಿಲ್ಲ. ಚೀಟಿ ಇತ್ತು, ಕಿರ್ದಿ ಇರಲಿಲ್ಲ.

ಗುಡ್ವಿನ್ ಇದ್ದದ್ದು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ. ಅದೇ ವಿಶ್ವವಿದ್ಯಾಲಯದ ಇಝುಮಿ ಮತ್ತು ಝೋರುಮ್ಸ್ಕಿ 2011ರಲ್ಲಿ ಇಲಿಯ ಹಿಪ್ಪೊಕ್ಯಾಂಪಸ್ಸಿನ ಹೋಳುಗಳ ಮೇಲೆ ಮದ್ಯ ಸುರಿದು ನೋಡಿದರು. ಕೋಶಗಳು ಸಾಯಲಿಲ್ಲ. ಕೋಶದ ಮೇಲೆ ಸಂಕೇತ ಹಿಡಿಯುವ ಕೆಲವು ರಿಸೆಪ್ಟರ್‌ಗಳು ಗೊಂದಲಕ್ಕೆ ಬಿದ್ದವು, ಕೋಶಗಳು ಒಂದು ಬಗೆಯ ಸ್ಟೀರಾಯ್ಡ್ ತಯಾರಿಸಿದವು, ನೆನಪು ಉಳಿಯಬೇಕಾದರೆ ಗಟ್ಟಿಯಾಗಬೇಕಾದ ಕೋಶಗಳ ನಡುವಿನ ಸಂಪರ್ಕವನ್ನು ಆ ಸ್ಟೀರಾಯ್ಡ್ ಗಟ್ಟಿಯಾಗದಂತೆ ತಡೆಯಿತು. ಹಾಗಾಗಿ 'ಒಂದು ರಾತ್ರಿ ಮರೆತೆ ಅಂದರೆ ಮೆದುಳು ಅಷ್ಟು ಸತ್ತಿತು' ಅನ್ನುವ ಮಾತು ನಂಬಬೇಡಿ. ವರ್ಷಗಟ್ಟಲೆ ಕುಡಿದು, ಊಟ ಬಿಟ್ಟು, ಬಿ1 ಜೀವಸತ್ವ ಖಾಲಿಯಾಗಿ ಬರುವ ಕೊರ್ಸಕಾಫ್ ಎಂಬ ಮರೆವು ಬೇರೆ. ಅದು ಬೆಳಗಾದರೆ ಇಳಿಯುವಂಥದಲ್ಲ.

ಎಲ್ಲ ಬ್ಲ್ಯಾಕೌಟೂ ಪೂರ್ತಿ ಕತ್ತಲೆ ಇರುವುದಿಲ್ಲ. ಹೆಚ್ಚಾಗಿ ಆಗುವುದು ತುಂಡು ತುಂಡು ಮರೆವು. ಗುಮಾಸ್ತ ತೂಕಡಿಸುತ್ತ ಅಲ್ಲೊಂದು ಇಲ್ಲೊಂದು ಸಾಲು ಬರೆದಿರುತ್ತಾನೆ. ಯಾರಾದರೂ ನೆನಪಿಸಿದರೆ 'ಹಾಂ, ಹೌದಲ್ಲ' ಅನ್ನಿಸುತ್ತದೆ. ನನ್ನ ಗೆಳೆಯನಿಗೆ ಎಗ್ ರೈಸಿನ ಮೆಸೇಜ್ ತೋರಿಸಿದರೂ ಏನೂ ಮೂಡಲಿಲ್ಲ.

ಇನ್ನು ಎಷ್ಟು ಕುಡಿದರೆ ಹೀಗಾಗುತ್ತದೆ? ಎಷ್ಟು ಅನ್ನುವುದಕ್ಕಿಂತ ಎಷ್ಟು ಬೇಗ ಅನ್ನುವುದು ಮುಖ್ಯ. ರಕ್ತದಲ್ಲಿ ಮದ್ಯ 0.16 ಶೇಕಡಾ ದಾಟಿದ ಮೇಲೆ ಬ್ಲ್ಯಾಕೌಟ್ ಸಾಮಾನ್ಯವಾಗಿ ಶುರುವಾಗುತ್ತದೆ. ನಮ್ಮಲ್ಲಿ ಗಾಡಿ ಓಡಿಸಲು ಇರುವ ಮಿತಿ 0.03, ಅಂದರೆ ಇದು ಅದರ ಐದು ಪಟ್ಟಿಗೂ ಜಾಸ್ತಿ. 180 ಎಂಎಲ್‌ನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯ ಇರುತ್ತದೆ. 65 ಕಿಲೋದ ಗಂಡಸು ಖಾಲಿ ಹೊಟ್ಟೆಯಲ್ಲಿ ಬೇಗ ಬೇಗ ಕುಡಿದರೆ ಎರಡನೇ ಕ್ವಾರ್ಟರ್ ಅರ್ಧಕ್ಕೆ ಬರುವ ಹೊತ್ತಿಗೆ ಆ ಗೆರೆ ದಾಟಿರುತ್ತಾನೆ. ಹೆಂಗಸರ ದೇಹದಲ್ಲಿ ನೀರಿನ ಪಾಲು ಕಡಿಮೆ, ಹಾಗಾಗಿ ಅವರಿಗೆ ಇನ್ನೂ ಕಡಿಮೆ ಸಾಕು. ನಿದ್ದೆ ಗುಳಿಗೆ ಜೊತೆ ಸೇರಿದರಂತೂ ಲೆಕ್ಕವೇ ಬೇರೆ. ಧಾಬಾದಲ್ಲಿ ರೊಟ್ಟಿ ಬರುವುದಕ್ಕೆ ಮೊದಲೇ ಬಾಟಲಿ ಖಾಲಿ ಮಾಡುವುದು ನಮ್ಮವರ ರೂಢಿ. 'ಊಟ ಆದ್ಮ್ಯಾಲೆ ಏರೂದಿಲ್ಲ' ಅನ್ನುತ್ತಾರೆ. ಖರೇ ಮಾತು. ಏರದೇ ಇರುವುದೇ ಒಳ್ಳೆಯದಲ್ವಾ?

ಈಗ ಗೆಳೆಯನ ಪ್ರಶ್ನೆಗೆ ಬರೋಣ. ಬ್ಲ್ಯಾಕೌಟ್ ಅಂದರೆ ಕುಡುಕತನದ ಮೊದಲ ಗುರುತು ಅನ್ನುವ ನಂಬಿಕೆ ಹುಟ್ಟಿದ್ದು ಜೆಲಿನೆಕ್ ಎಂಬ ಸಂಶೋಧಕರಿಂದ. 1946ರಲ್ಲಿ ಅವರು 98 ಜನರ ಉತ್ತರ ಇಟ್ಟುಕೊಂಡು ಈ ಮಾತು ಹೇಳಿದರು. ಆ 98 ಜನರೂ ಕುಡಿತ ಬಿಡಿಸುವ ಸಂಘದ ಸದಸ್ಯರು. ಬರೀ ಕುಡುಕರನ್ನೇ ಕೇಳಿದರೆ ಕುಡುಕರಲ್ಲದವರಿಗೆ ಏನಾಗುತ್ತದೆ ಅಂತ ಹೇಗೆ ತಿಳಿಯಬೇಕು? ಗುಡ್ವಿನ್ 1969ರಲ್ಲಿ ಆಸ್ಪತ್ರೆಗೆ ಸೇರಿದ್ದ 100 ಜನ ಕುಡಿತದ ರೋಗಿಗಳನ್ನು ಮಾತಾಡಿಸಿದರು. 36 ಜನಕ್ಕೆ ಬ್ಲ್ಯಾಕೌಟ್ ಎಂದೂ ಆಗಿರಲಿಲ್ಲ. ಇನ್ನೊಂದು ಕಡೆಯಿಂದ ನೋಡಿ. 2002ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಆರನ್ ವೈಟ್ ಮತ್ತು ಜೊತೆಗಾರರು 772 ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದಾಗ, ಒಮ್ಮೆಯಾದರೂ ಕುಡಿದಿದ್ದವರಲ್ಲಿ ಅರ್ಧದಷ್ಟು ಜನಕ್ಕೆ ಇದರ ಅನುಭವ ಆಗಿತ್ತು. ಅವರೆಲ್ಲ ಕುಡುಕರಲ್ಲ. ಅಂದರೆ ಬ್ಲ್ಯಾಕೌಟ್ ಆಗಲಿಲ್ಲ ಅಂತ ಸಮಾಧಾನ ಪಡುವ ಹಾಗಿಲ್ಲ, ಆಯಿತು ಅಂತ ಕುಡುಕ ಅನ್ನುವ ಹಣೆಪಟ್ಟಿ ಕಟ್ಟಿಕೊಳ್ಳುವ ಹಾಗೂ ಇಲ್ಲ. ಒಂದೇ ಬಾಟಲಿ ಹಂಚಿಕೊಂಡ ಇಬ್ಬರಲ್ಲಿ ಒಬ್ಬನಿಗೆ ಎಲ್ಲ ನೆನಪಿರುವುದು, ಇನ್ನೊಬ್ಬನಿಗೆ ಏನೂ ಇಲ್ಲದಿರುವುದು ಉಂಟು. ಅದರಲ್ಲಿ ಹುಟ್ಟಿನಿಂದ ಬಂದ ಗುಣದ ಪಾಲೂ ಇದೆ.

ಕುಡಿತ ಎಲ್ಲಿಗೆ ಬಂದಿದೆ ಅಂತ ನೋಡಲು ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಅನ್ನುವ ಹತ್ತು ಪ್ರಶ್ನೆಗಳ ಪರೀಕ್ಷೆ ಇದೆ. ಅದರ ಎಂಟನೇ ಪ್ರಶ್ನೆ ಇದೇ: ಕಳೆದ ಒಂದು ವರ್ಷದಲ್ಲಿ, ಕುಡಿದ ಕಾರಣಕ್ಕೆ ಹಿಂದಿನ ರಾತ್ರಿಯದು ನೆನಪಾಗದೆ ಹೋದದ್ದು ಎಷ್ಟು ಸಲ? ಇಲ್ಲವೇ ಇಲ್ಲ ಅಂದರೆ ಸೊನ್ನೆ. ತಿಂಗಳಿಗೆ ಒಂದಕ್ಕಿಂತ ಕಡಿಮೆ ಅಂದರೆ ಒಂದು ಅಂಕ. ದಿನಾ ಆದರೆ ನಾಲ್ಕು. ಒಟ್ಟು 40ಕ್ಕೆ 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕುಡಿತ ಅಪಾಯದ ಕಡೆ ವಾಲಿದೆ ಅಂತ ಲೆಕ್ಕ. ಈ ಪರೀಕ್ಷೆಯಲ್ಲಿ ನನಗೆ ಹಿಡಿಸಿದ್ದು ಅದು 'ಆಗಿದೆಯಾ' ಅಂತ ಕೇಳದೆ 'ಎಷ್ಟು ಸಲ' ಅಂತ ಕೇಳುವುದು. ಒಮ್ಮೆ ಆದದ್ದು ಅವಸರದ ಕುಡಿತದ ಕೂಸು ಇರಬಹುದು. ಆದದ್ದು ಗೊತ್ತಾದ ಮೇಲೂ ಮತ್ತೆ ಅದೇ ಲೆಕ್ಕದಲ್ಲಿ ಕುಡಿಯುವವನು ಬೇರೆ ಸಾಲಿಗೆ ಸೇರುತ್ತಾನೆ. ತೊಂದರೆ ಆಗುತ್ತಿದೆ ಅಂತ ಗೊತ್ತಿದ್ದೂ ಕುಡಿಯುವುದು, ಇಷ್ಟೇ ಅಂತ ಕೂತು ಜಾಸ್ತಿ ಕುಡಿಯುವುದು, ಕುಡಿಯದಿದ್ದರೆ ಬೆಳಗ್ಗೆ ಕೈ ನಡುಗುವುದು: ವೈದ್ಯರು ನೋಡುವುದು ಇಂಥವನ್ನು. ಕೈ ನಡುಗುವವರು ಒಮ್ಮೆಲೇ ತಾವಾಗಿಯೇ ಬಿಡಬಾರದು, ಫಿಟ್ಸ್ ಬರಬಹುದು. ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯದ ಆಸ್ಪತ್ರೆಯಲ್ಲಿ ತೋರಿಸಿಕೊಂಡು ಬಿಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ನಂಬರ್ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಮಾತಾಡಬಹುದು.

ನಾನು ಗೆಳೆಯನ ಮನೆಯಲ್ಲಿ ಚಹಾ ಕುಡಿಯುತ್ತ ಆ ಎಂಟನೇ ಪ್ರಶ್ನೆ ಕೇಳಿದೆ. ಮೊದಲ ಸಲ ಅಂದಿದ್ದವನು ಬೆರಳು ಮಡಿಚತೊಡಗಿದ. 'ಹೋಳಿ ಹುಣ್ಣಿವಿಗೆ ಒಮ್ಮೆ ಸ್ವಲ್ಪ... ಗೋವಾಕ್ಕ ಹೋದಾಗ ಒಮ್ಮೆ. ಮತ್ತ...' ಅಂತ ನಿಲ್ಲಿಸಿದ. 'ಮತ್ತ ನೆಪ್ಪಿಲ್ಲ.'

ಅಡುಗೆಮನೆಯಿಂದ ಅವನ ಹೆಂಡತಿಯ ದನಿ ಬಂತು.

'ಅಣ್ಣಾರ, ಯುಗಾದಿಯಿಂದ ಈಚೆಗೆ ನಾಕ್ ಸಲ ಆಗಿತ್ತು. ಇದು ಐದನೇದು.'