ಒಪನ್‌ಹೈಮರ್: ಊರು ಬಿಟ್ಟವರಿಗೆ ಅಂಟಿದ ಊರಿನ ಹೆಸರು

ಮೊದಲು ಉಚ್ಚಾರದ ವಿಷಯ. ಅಣುಬಾಂಬಿನ ಚರಿತ್ರೆಯಲ್ಲಿ ಬರುವ ಭೌತವಿಜ್ಞಾನಿಯ ಹೆಸರನ್ನು ನಮ್ಮ ಪತ್ರಿಕೆಗಳು ಸಾಮಾನ್ಯವಾಗಿ ‘ಓಪನ್‌ಹೈಮರ್’ ಎಂದು ಬರೆಯುತ್ತವೆ. ಮೂಲದಲ್ಲಿ ಎರಡು ‘ಪ’ಕಾರಗಳಿವೆ, ಜರ್ಮನ್ ಬರವಣಿಗೆಯಲ್ಲಿ ವ್ಯಂಜನವನ್ನು ಹೀಗೆ ಎರಡು ಸಲ ಬರೆದರೆ ಅದು ಒತ್ತಕ್ಷರವಲ್ಲ, ಹಿಂದಿನ ಸ್ವರವನ್ನು ಹ್ರಸ್ವವಾಗಿ ನುಡಿಯಬೇಕೆಂಬ ಸೂಚನೆ. ಆದ್ದರಿಂದ ‘ಒಪನ್‌ಹೈಮರ್’ ಎಂಬುದೇ ಮೂಲಕ್ಕೆ ಹತ್ತಿರ. ಒಕಾರ ಓಕಾರಗಳಿಗೆ ಬೇರೆ ಬೇರೆ ಅಕ್ಷರಗಳಿರುವ ಕನ್ನಡ ಲಿಪಿಯಲ್ಲಿ ಈ ಭೇದವನ್ನು ಸಲೀಸಾಗಿ ತೋರಿಸಬಹುದಾದ್ದರಿಂದ ಈ ಟಿಪ್ಪಣಿಯಲ್ಲಿ ಹ್ರಸ್ವ ರೂಪವನ್ನೇ ಬಳಸಿದ್ದೇನೆ. ದೀರ್ಘ ರೂಪವನ್ನು ಓದಿದವರಿಗೆ ಇಂಗ್ಲಿಷಿನ ‘ಓಪನ್’ ನೆನಪಾಗುವುದು ಸಹಜ, ಆದರೆ ಆ ಪದಕ್ಕೂ ಈ ಹೆಸರಿಗೂ ಯಾವ ಸಂಬಂಧವೂ ಇಲ್ಲ.

ಒಪನ್‌ಹೈಮ್ ಎಂಬುದು ಜರ್ಮನಿಯಲ್ಲಿ ರೈನ್ ನದಿಯ ಎಡದಂಡೆಯಲ್ಲಿ, ಮೈಂಟ್ಸ್ ಮತ್ತು ವೋರ್ಮ್ಸ್ ನಗರಗಳ ನಡುವೆ ಇರುವ ಪುಟ್ಟ ಪಟ್ಟಣ. ಸುತ್ತಲೂ ದ್ರಾಕ್ಷಿ ತೋಟಗಳಿದ್ದು, ಊರಿನ ನೆತ್ತಿಯ ಮೇಲೆ ಗಾಥಿಕ್ ಶೈಲಿಯ ಸಂತ ಕ್ಯಾಥರೀನಳ ಚರ್ಚು ಇದೆ. 8ನೇ ಶತಮಾನದ ದಾಖಲೆಗಳಲ್ಲೇ ಕಾಣಿಸಿಕೊಳ್ಳುವ ಈ ಊರು 13ನೇ ಶತಮಾನದಲ್ಲಿ ನೇರವಾಗಿ ಚಕ್ರವರ್ತಿಯ ಅಧೀನದ ನಗರವಾಯಿತು. 1689ರಲ್ಲಿ ಫ್ರೆಂಚ್ ಸೈನ್ಯ ಅದನ್ನು ಸುಟ್ಟು ಹಾಳುಗೆಡವಿತು. ಹೆಸರಿನಲ್ಲಿರುವ ‘ಹೈಮ್’ ಎಂದರೆ ಮನೆ, ನೆಲೆ. ಅದರ ಹಿಂದಿರುವುದು ‘ಒಪ್ಪೊ’ ಎಂಬ ಹಳೆಯ ವ್ಯಕ್ತಿನಾಮವೆಂದು ವಿವರಿಸಲಾಗುತ್ತದೆ. ಹಾಗಾಗಿ ಒಪನ್‌ಹೈಮ್ ಎಂದರೆ ಒಪ್ಪೊನ ನೆಲೆ. ನೆರೆಯ ಮಾನ್‌ಹೈಮ್ ಕೂಡ ಇದೇ ರೀತಿ ಮಾನ್ನೊ ಎಂಬವನ ನೆಲೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಕೊನೆಯ ‘ಹ್ಯಾಮ್’ ಈ ‘ಹೈಮ್’ನದೇ ಒಡಹುಟ್ಟು.

ಇನ್ನು ಕೊನೆಯ ‘-ಅರ್’ ಪ್ರತ್ಯಯ. ಇದನ್ನು ಕನ್ನಡದ ‘-ಅವ’ ಎಂಬುದರ ಜೊತೆ ಇಟ್ಟು ನೋಡಿದರೆ ಕೂಡಲೇ ಅರ್ಥವಾಗುತ್ತದೆ. ಹಾಸನದವ, ಮಂಗಳೂರಿನವ ಎಂದು ನಾವು ಹೇಳುವ ಹಾಗೆ ಜರ್ಮನರು ಬರ್ಲಿನರ್, ವೀನರ್, ಫ್ರಾಂಕ್‌ಫುರ್ಟರ್ ಎನ್ನುತ್ತಾರೆ. ವೀನ್ ಎಂದರೆ ವಿಯೆನ್ನಾ. ಬೇಕರಿಗಳಲ್ಲಿ ನಾವು ಕೊಳ್ಳುವ ಬರ್ಗರ್ ಕೂಡ ‘ಹಾಂಬುರ್ಗರ್’, ಅಂದರೆ ಹಾಂಬುರ್ಗ್ ನಗರಕ್ಕೆ ಸೇರಿದ್ದು ಎಂಬ ಪದದ ಬಾಲವನ್ನು ಮಾತ್ರ ಕತ್ತರಿಸಿಕೊಂಡು ಬಂದದ್ದು. ಊರಿನ ಹೆಸರು ‘-ಎನ್’ ಎಂದು ಮುಗಿದರೆ ಪ್ರತ್ಯಯ ಸೇರುವಾಗ ಆ ಭಾಗ ಎಷ್ಟೋ ಸಲ ಲೋಪವಾಗುತ್ತದೆ: ಬ್ರೇಮೆನ್‌ನವನು ಬ್ರೇಮರ್, ಕಿಸ್ಸಿಂಗೆನ್‌ನವನು ಕಿಸ್ಸಿಂಗರ್. ಒಂದು ಎಚ್ಚರಿಕೆ ಬೇಕು. ಮ್ಯುಲರ್, ಷ್ನೈಡರ್, ಫಿಷರ್ ಎಂಬ ಹೆಸರುಗಳಲ್ಲೂ ಇದೇ ಅಂತ್ಯವಿದೆ, ಆದರೆ ಅವು ಕ್ರಮವಾಗಿ ಗಿರಣಿಯವನು, ದರ್ಜಿ, ಮೀನುಗಾರ ಎಂಬ ಕಸುಬಿನ ಹೆಸರುಗಳು. ಪ್ರತ್ಯಯವನ್ನು ಮಾತ್ರ ನೋಡಿ ತೀರ್ಮಾನಿಸದೆ, ಅದನ್ನು ಬಿಡಿಸಿದಾಗ ಉಳಿಯುವುದು ಊರೋ ಕೆಲಸವೋ ಎಂಬುದನ್ನು ನೋಡಬೇಕು.

ಈ ವಿಷಯದಲ್ಲಿ ನಾವೆಲ್ಲ ಮೊದಲಿಗೆ ತಪ್ಪುವುದು ಒಂದೇ ಕಡೆ. ಒಪನ್‌ಹೈಮರ್ ಎಂದ ಮೇಲೆ ಆ ಮನೆತನದವರು ಒಪನ್‌ಹೈಮ್‌ನಲ್ಲಿ ನೆಲೆಸಿದ್ದಿರಬೇಕು ಎಂದುಕೊಳ್ಳುತ್ತೇವೆ. ನಿಜವಾಗಿ ನಡೆಯುವುದು ಅದಕ್ಕೆ ತಿರುವುಮುರುವು. ಮಂಗಳೂರಿನಲ್ಲೇ ಇರುವವರನ್ನು ಯಾರೂ ಮಂಗಳೂರಿನವರು ಎಂದು ಕರೆದು ಗುರುತಿಸುವುದಿಲ್ಲ. ಅಲ್ಲಿ ಎಲ್ಲರೂ ಮಂಗಳೂರಿನವರೇ. ಅವರು ಹುಬ್ಬಳ್ಳಿಗೆ ಹೋಗಿ ಅಂಗಡಿ ಹಾಕಿದಾಗ ಅಲ್ಲಿಯ ಜನ ಆ ಮಾತನ್ನು ಅವರ ಗುರುತಾಗಿ ಬಳಸುತ್ತಾರೆ. ಊರು ಆಧರಿಸಿದ ಅಡ್ಡಹೆಸರು ಹುಟ್ಟುವುದು ಹೀಗೆ, ಹೊಸ ಊರಿನವರ ಬಾಯಲ್ಲಿ. ಆದ್ದರಿಂದ ಒಪನ್‌ಹೈಮರ್ ಎಂಬ ಹೆಸರು ಮುಖ್ಯವಾಗಿ ಹೇಳುವುದು ಆ ಕುಟುಂಬದ ಪೂರ್ವಿಕನೊಬ್ಬ ಒಪನ್‌ಹೈಮನ್ನು ಯಾವಾಗಲೋ ಬಿಟ್ಟು ಹೊರಟಿದ್ದ ಎಂಬುದನ್ನು. ಗಂಗೂಬಾಯಿ ಹಾನಗಲ್ ಅವರು ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದವರು. ಹಾನಗಲ್ಲು ಅವರ ಹೆಸರಿನಲ್ಲಿ ಉಳಿದದ್ದನ್ನು ನೆನೆದರೆ ನಮಗೆ ಈ ತರ್ಕ ಹೊಸದಲ್ಲ.

ಒಪನ್‌ಹೈಮರ್ ಬಹುಮಟ್ಟಿಗೆ ಯಹೂದಿ ಮನೆತನಗಳ ಹೆಸರು. ಇದಕ್ಕೆ ಕಾರಣ ರೈನ್ ಪ್ರದೇಶದ ಚರಿತ್ರೆಯಲ್ಲಿದೆ. ಮೈಂಟ್ಸ್, ವೋರ್ಮ್ಸ್, ಷ್ಪಾಯರ್ ಮಧ್ಯಯುಗದಲ್ಲಿ ಯಹೂದಿ ವಿದ್ವತ್ತಿನ ದೊಡ್ಡ ಕೇಂದ್ರಗಳಾಗಿದ್ದವು, ಒಪನ್‌ಹೈಮ್‌ನಲ್ಲೂ ಯಹೂದಿಗಳಿದ್ದರು. 1348-49ರಲ್ಲಿ ಪ್ಲೇಗ್ ಹರಡಿದಾಗ ಬಾವಿಗಳಿಗೆ ವಿಷ ಬೆರೆಸಿದರೆಂಬ ಸುಳ್ಳು ಆರೋಪ ಹೊರಿಸಿ ಈ ಊರುಗಳ ಯಹೂದಿಗಳ ಮೇಲೆ ಭೀಕರ ಹತ್ಯಾಕಾಂಡಗಳನ್ನು ನಡೆಸಲಾಯಿತು. ಆ ಬಳಿಕವೂ ಶತಮಾನಗಳ ಕಾಲ ಯಾವ ಊರಿನಲ್ಲಿ ಇರಬಹುದು, ಯಾವಾಗ ಹೊರಡಬೇಕು ಎಂಬುದು ಆಳುವವರ ಮರ್ಜಿಯಾಗಿತ್ತು. ಹೀಗೆ ಊರಿಂದೂರಿಗೆ ಹೋಗಬೇಕಾದವರಿಗೆ ಬಿಟ್ಟುಬಂದ ಊರೇ ಹೆಸರಾಯಿತು. ವರ್ಟ್‌ಹೈಮರ್, ಲಾಂಡಾವ್, ಗ್ಯುನ್ಸ್‌ಬುರ್ಗ್ ಮೊದಲಾದ ಹೆಸರುಗಳಲ್ಲಿರುವುದೂ ಊರುಗಳೇ.

ಕ್ರೈಸ್ತ ಜರ್ಮನರಲ್ಲಿ ಅಡ್ಡಹೆಸರುಗಳು ಮಧ್ಯಯುಗದ ಉತ್ತರಾರ್ಧದಲ್ಲೇ ನೆಲೆಗೊಂಡರೆ, ಬಹುಪಾಲು ಯಹೂದಿಗಳು ತಂದೆಯ ಹೆಸರನ್ನು ಸೇರಿಸಿಕೊಳ್ಳುವ ಪದ್ಧತಿಯನ್ನೇ ಮುಂದುವರಿಸಿದ್ದರು. ಸ್ಥಿರವಾದ ಅಡ್ಡಹೆಸರನ್ನು ಇಟ್ಟುಕೊಳ್ಳಲೇಬೇಕೆಂದು ಆಸ್ಟ್ರಿಯಾ 1787ರಲ್ಲಿ, ಪ್ರಷ್ಯಾ 1812ರಲ್ಲಿ, ಬವೇರಿಯಾ 1813ರಲ್ಲಿ ಕಾನೂನು ಮಾಡಿದವು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಹೆನ್ರಿ ಕಿಸ್ಸಿಂಜರ್ ಅವರ ಮುತ್ತಜ್ಜನ ತಂದೆ ಮೆಯರ್ ಲೋಬ್ ಬವೇರಿಯಾದ ಕಿಸ್ಸಿಂಗೆನ್ ಪಟ್ಟಣದ ಹೆಸರನ್ನು ತೆಗೆದುಕೊಂಡದ್ದು 1817ರಲ್ಲಿ. ಒಪನ್‌ಹೈಮ್‌ನ ಸಂಗತಿ ಬೇರೆ. ನೆಪೋಲಿಯನ್ನನ ಕಾಲದಲ್ಲಿ ರೈನ್ ನದಿಯ ಎಡದಂಡೆ ಫ್ರಾನ್ಸಿನ ಆಳ್ವಿಕೆಯಲ್ಲಿದ್ದು, ಅವನು 1808ರ ಜುಲೈ 20ರಂದು ಹೊರಡಿಸಿದ ಆಜ್ಞೆ ಅಲ್ಲಿಗೂ ಅನ್ವಯಿಸುತ್ತಿತ್ತು. ಆ ಆಜ್ಞೆ ಯಹೂದಿಗಳು ಅಡ್ಡಹೆಸರು ಇಟ್ಟುಕೊಳ್ಳಬೇಕೆಂದು ಕಡ್ಡಾಯ ಮಾಡಿದ್ದಷ್ಟೇ ಅಲ್ಲ, ಬೈಬಲಿನ ಹಳೆಯ ಒಡಂಬಡಿಕೆಯ ಹೆಸರುಗಳನ್ನಾಗಲಿ ಪಟ್ಟಣಗಳ ಹೆಸರುಗಳನ್ನಾಗಲಿ ಹೊಸದಾಗಿ ಆರಿಸಿಕೊಳ್ಳಕೂಡದೆಂದೂ ನಿಷೇಧಿಸಿತು. ಅಂಥ ಹೆಸರಿನಿಂದ ಮೊದಲೇ ಗುರುತಾಗಿದ್ದವರಿಗೆ ಮಾತ್ರ ವಿನಾಯಿತಿ ಇತ್ತು. ಈ ಒಂದು ಕಲಮು ನನಗೆ ಬಹಳ ಮುಖ್ಯವಾಗಿ ತೋರುತ್ತದೆ: ಈ ಆಜ್ಞೆ ಪಾಲನೆಯಾದ ಜಾಗದಲ್ಲಿ ಊರಿನ ಹೆಸರು ಹೊತ್ತ ಮನೆತನವಿದ್ದರೆ ಆ ಹೆಸರು 1808ಕ್ಕಿಂತ ಹಳೆಯದಿರಬೇಕು, ಕಿಸ್ಸಿಂಜರ್ ಅವರ ಬವೇರಿಯಾದಲ್ಲಿ ಹಾಗೆ ಹೇಳಲಾಗದು. ಅಡ್ಡಹೆಸರನ್ನು ನೋಡಿ ಅದರ ವಯಸ್ಸನ್ನು ಅಂದಾಜಿಸಬೇಕಾದರೆ ಆ ಹೆಸರಿದ್ದ ಜಾಗ ಯಾರ ಆಳ್ವಿಕೆಯಲ್ಲಿತ್ತು ಎಂಬುದನ್ನೂ ತಿಳಿದಿರಬೇಕು.

ಬಳಕೆಯ ವ್ಯಾಪ್ತಿಗೆ ಬಂದರೆ, ಜರ್ಮನಿಯಲ್ಲಿ ಅತಿ ಹೆಚ್ಚು ಜನರಿಗಿರುವ ಅಡ್ಡಹೆಸರುಗಳು ಮ್ಯುಲರ್, ಷ್ಮಿಟ್ ಮೊದಲಾದ ಕಸುಬಿನ ಹೆಸರುಗಳು. ಪ್ರತಿ ಹಳ್ಳಿಯಲ್ಲೂ ಗಿರಣಿಯವನೂ ಕಮ್ಮಾರನೂ ಇದ್ದರು, ಒಪನ್‌ಹೈಮ್ ಇದ್ದದ್ದು ಒಂದೇ. ಊರಿನ ಹೆಸರುಗಳು ಎಣಿಕೆಯಲ್ಲಿ ಅಸಂಖ್ಯವಾಗಿದ್ದರೂ ಒಂದೊಂದನ್ನು ಹೊತ್ತವರು ಕಡಿಮೆ ಆಗಿರುವುದಕ್ಕೆ ಇದೇ ಕಾರಣ. ಹಾಗೆಂದು ಒಪನ್‌ಹೈಮರ್‌ಗಳೆಲ್ಲ ಒಂದೇ ಬಳ್ಳಿಯ ಕುಡಿಗಳು ಎನ್ನಲಾಗದು, ಏಕೆಂದರೆ ಬೇರೆ ಬೇರೆ ಕಾಲದಲ್ಲಿ ಆ ಊರು ಬಿಟ್ಟ ಬೇರೆ ಬೇರೆ ಮನೆಗಳಿಗೆ ಅದೇ ಹೆಸರು ಅಂಟಿರಬಹುದು. 19ನೇ ಶತಮಾನದ ವಲಸೆಯಿಂದಲೂ, 1933ರ ನಂತರ ನಾಜಿಗಳ ಕಿರುಕುಳದಿಂದಲೂ ಈ ಹೆಸರು ಜರ್ಮನಿಯ ಹೊರಗೆ ಹೆಚ್ಚು ಪ್ರಸಿದ್ಧವಾಯಿತು. ಫ್ರಿಡ್‌ಬೆರ್ಗ್‌ನಲ್ಲಿ ಹುಟ್ಟಿದ ಅರ್ನೆಸ್ಟ್ ಒಪನ್‌ಹೈಮರ್ 1917ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಆಂಗ್ಲೊ ಅಮೆರಿಕನ್ ಗಣಿ ಸಂಸ್ಥೆಯನ್ನು ಕಟ್ಟಿದರು. ರಾಬರ್ಟ್ ಒಪನ್‌ಹೈಮರ್ ಹುಟ್ಟಿದ್ದು 1904ರಲ್ಲಿ ನ್ಯೂಯಾರ್ಕಿನಲ್ಲಿ. ಅವರ ತಂದೆ 1888ರಲ್ಲಿ ಅಮೆರಿಕಕ್ಕೆ ಹೋದದ್ದು ಹಾನಾವ್‌ನಿಂದ. ಬರ್ಕ್‌ಲಿಯಲ್ಲಿ ಆರ್ಥರ್ ರೈಡರ್ ಅವರಲ್ಲಿ ಸಂಸ್ಕೃತ ಕಲಿತು ಭಗವದ್ಗೀತೆಯನ್ನು ಮೂಲದಲ್ಲಿ ಓದಿದ್ದರಿಂದ ನಮ್ಮವರಿಗೆ ಅವರು ಇನ್ನಷ್ಟು ಪರಿಚಿತರು. ನಮ್ಮ ಕಾನೂನು ವಿದ್ಯಾರ್ಥಿಗಳು ಅಂತರರಾಷ್ಟ್ರೀಯ ಕಾನೂನಿನ ಪಾಠದಲ್ಲಿ ಕೇಳುವ ಲಾಸ್ಸಾ ಒಪನ್‌ಹೈಮ್ ಅವರ ಹೆಸರಿನಲ್ಲಿ ‘-ಅರ್’ ಇಲ್ಲ, ಬರಿಯ ಊರೇ ಹೆಸರಾಗಿದೆ. ಕಲೋನಿನ ಬ್ಯಾಂಕರ್ ಮನೆತನದವರು ‘ಫಾನ್ ಒಪನ್‌ಹೈಮ್’ ಎಂದು ಬರೆದುಕೊಂಡದ್ದು 19ನೇ ಶತಮಾನದಲ್ಲಿ ಅವರಿಗೆ ಕುಲೀನ ಪದವಿ ದೊರೆತ ಮೇಲೆ. ‘ಇಂಥ ಊರಿನ’ ಎಂಬ ಅರ್ಥದ ಆ ‘ಫಾನ್’ ನೋಡಿ ಅವರು ಆ ಊರಿನ ಒಡೆಯರಾಗಿದ್ದರೆಂದು ತಿಳಿಯಬಾರದು.

ಪ್ರತ್ಯಯವಿರುವ ರೂಪ, ಇಲ್ಲದ ರೂಪ ಎರಡೂ ಒಬ್ಬರಿಗೇ ಸಲ್ಲುವುದೂ ಉಂಟು. 1664ರಲ್ಲಿ ವೋರ್ಮ್ಸ್‌ನಲ್ಲಿ ಹುಟ್ಟಿ ಪ್ರಾಗ್ ನಗರದ ಮುಖ್ಯ ರಬ್ಬಿಯಾದ (ಯಹೂದಿ ಧರ್ಮಗುರುವಾದ) ಡೇವಿಡ್ ಅವರನ್ನು ಕೆಲವರು ಒಪನ್‌ಹೈಮ್ ಎಂದೂ ಕೆಲವರು ಒಪನ್‌ಹೈಮರ್ ಎಂದೂ ಬರೆಯುತ್ತಾರೆ. ಅವರು ಜೀವಮಾನವಿಡೀ ಹೀಬ್ರೂ ಹಸ್ತಪ್ರತಿಗಳನ್ನೂ ಮುದ್ರಿತ ಪುಸ್ತಕಗಳನ್ನೂ ಕೂಡಿಹಾಕಿದರು. ಪ್ರಾಗ್‌ನಲ್ಲಿ ಸೆನ್ಸಾರಿನ ಕಾಟವಿದ್ದುದರಿಂದ ಅವುಗಳನ್ನು ಅಷ್ಟು ದೂರದ ಹಾನೋವರ್‌ನಲ್ಲಿ ಇರಿಸಬೇಕಾಯಿತು. 1736ರಲ್ಲಿ ಅವರು ತೀರಿಕೊಂಡ ಮೇಲೆ ಆ ಭಂಡಾರ ಕೈಯಿಂದ ಕೈಗೆ ಹೋಗಿ, 1829ರಲ್ಲಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯ ಅದನ್ನು ಕೊಂಡುಕೊಂಡಿತು. ಅಲ್ಲಿ ಇಂದಿಗೂ ಆ ಹಸ್ತಪ್ರತಿಗಳ ಕಪಾಟು ಸಂಖ್ಯೆಗಳ ಹಿಂದೆ ‘ಒಪ್’ ಎಂಬ ಸಂಕ್ಷೇಪವಿದೆ. ವೋರ್ಮ್ಸ್‌ನಲ್ಲಿ ಹುಟ್ಟಿದವರೊಬ್ಬರು ಪ್ರಾಗ್‌ನಲ್ಲಿದ್ದುಕೊಂಡು ಕೂಡಿಹಾಕಿದ ಪುಸ್ತಕಗಳು ಆಕ್ಸ್‌ಫರ್ಡಿನಲ್ಲಿ ಗುರುತಾಗುವುದು ರೈನ್ ದಂಡೆಯ ಆ ಪುಟ್ಟ ಊರಿನ ಮೊದಲ ಅಕ್ಷರಗಳಿಂದ.