ಎಲ್‌ಡಿಆರ್ ನೋಟ್ಸ್: ಪಕ್ಕದ ರೆಸಿಸ್ಟರ್ ಯಾವ್ದು ಅನ್ನೋದೇ ಮುಖ್ಯ

ಎಲ್‌ಡಿಆರ್ (ಬೆಳಕು ಬಿದ್ರೆ ರೆಸಿಸ್ಟೆನ್ಸ್ ಇಳಿಯೋ ರೆಸಿಸ್ಟರ್) ಕೈಗೆ ಸಿಕ್ಕಾಗ ಒಂದ್ಸಲ ಅದರ ಮುಖಾನ ಹತ್ರದಿಂದ ನೋಡಿ, ಹಾವು ಹರಿದ ಹಾಗೆ ಅಂಕುಡೊಂಕಾಗಿ ಒಂದು ಗೆರೆ ಇರತ್ತೆ. ಅದೇ ಕ್ಯಾಡ್ಮಿಯಂ ಸಲ್ಫೈಡ್, ಕೆಲಸ ಎಲ್ಲ ಅಲ್ಲೇ ನಡೆಯೋದು. ಕತ್ತಲಲ್ಲಿ ಅದರೊಳಗಿನ ಎಲೆಕ್ಟ್ರಾನ್‌ಗಳು ಅಂಟ್ಕೊಂಡು ಕೂತಿರ್ತವೆ, ಬೆಳಕು ಬಿದ್ದಾಗ ಒಂದೊಂದು ಫೋಟಾನ್‌ನಲ್ಲೂ ಸುಮಾರು 2.4 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇದ್ರೆ ಅವು ಬಿಡಿಸ್ಕೊಂಡು ಓಡಾಡೋಕೆ ಶುರು ಮಾಡ್ತವೆ, ರೆಸಿಸ್ಟೆನ್ಸ್ ಇಳಿಯತ್ತೆ. ಹಸಿರು ಬೆಳಕಿಗೆ ಅಷ್ಟು ಶಕ್ತಿ ಇದೆ, ಟಿವಿ ರಿಮೋಟಿನ ಇನ್‌ಫ್ರಾರೆಡ್‌ಗೆ ಇಲ್ಲ, ಅದಕ್ಕೇ ರಿಮೋಟ್ ಹಿಡಿದು ಎಷ್ಟು ಒತ್ತಿದ್ರೂ ಎಲ್‌ಡಿಆರ್ ಅಲ್ಲಾಡಲ್ಲ. (ಈ ಗುಣ ಮೊದಲು ಕಂಡಿದ್ದು 1873ರಲ್ಲಿ, ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್ ಟೆಸ್ಟ್ ಮಾಡೋಕೆ ಇಟ್ಕೊಂಡಿದ್ದ ಸೆಲೆನಿಯಂ ಕಡ್ಡಿಗಳಲ್ಲಿ, ಪ್ರಕಟಿಸಿದ್ದು ವಿಲ್ಲೋಬಿ ಸ್ಮಿತ್.)

ಈಗ ಸರ್ಕ್ಯೂಟ್. ಬರೀ ಎಲ್‌ಡಿಆರ್ ಇಟ್ರೆ ವೋಲ್ಟೇಜ್ ಬದಲಾಗಲ್ಲ, ಜೊತೆಗೊಂದು ಮಾಮೂಲಿ ರೆಸಿಸ್ಟರ್ ಸೇರಿಸಿ ಡಿವೈಡರ್ (ವೋಲ್ಟೇಜನ್ನ ಎರಡರ ನಡುವೆ ಹಂಚೋ ಜೋಡಿ) ಮಾಡ್ಬೇಕು. ಕತ್ತಲಾದ್ರೆ ಎಲ್‌ಇಡಿ ಹತ್ತೋ ಸರ್ಕ್ಯೂಟಲ್ಲಿ ಮೇಲೆ ರೆಸಿಸ್ಟರ್, ಕೆಳಗೆ ಎಲ್‌ಡಿಆರ್, ನಡುವಿನ ಜಾಗದಿಂದ ಬಿಸಿ547 ಟ್ರಾನ್ಸಿಸ್ಟರಿನ ಬೇಸ್‌ಗೆ (ಅದನ್ನ ಆನ್ ಮಾಡೋ ಕಾಲು) ವೈರು. ನಾನು ಮೊದಲು ಮೇಲೆ 10ಕೆ (10 ಕಿಲೋ ಓಮ್) ಹಾಕಿದ್ದೆ, ಟ್ಯೂಬ್‌ಲೈಟ್ ಉರೀತಿದ್ರೂ ಎಲ್‌ಇಡಿ ಆರ್ತಾನೇ ಇರ್ಲಿಲ್ಲ, ಎರಡು ದಿನ ಟ್ರಾನ್ಸಿಸ್ಟರ್ ಬದಲಾಯಿಸಿ ಬದಲಾಯಿಸಿ ಸಾಕಾಯ್ತು. ಆಮೇಲೆ ಲೆಕ್ಕ ಹಾಕ್ದೆ. ಬೇಸ್ ಎದ್ದೇಳೋದು ಸುಮಾರು 0.6 ವೋಲ್ಟಿಗೆ, 5 ವೋಲ್ಟ್ ಸಪ್ಲೈ, ಮೇಲೆ 10ಕೆ ಇದ್ರೆ ಎಲ್‌ಡಿಆರ್ 1.4ಕೆ ದಾಟಿದ ತಕ್ಷಣ ಟ್ರಾನ್ಸಿಸ್ಟರ್ ಆನ್, ಅಂದ್ರೆ ಇನ್ನೂ ಚೆನ್ನಾಗಿ ಬೆಳಕಿರೋವಾಗ್ಲೇ! 100ಕೆ ಹಾಕಿದ್ರೆ ಅದು 14ಕೆ ಹತ್ರ ಹೋಗತ್ತೆ, ಸಾಮಾನ್ಯವಾಗಿ ಸಿಗೋ 5ಎಂಎಂ ಎಲ್‌ಡಿಆರ್‌ಗೆ ಅದು ಮಬ್ಬುಗತ್ತಲು.

ಆದ್ರೆ 100ಕೆ ಮೂಲಕ ಬೇಸ್‌ಗೆ ಸಿಗೋದು ಹೆಚ್ಚೆಂದ್ರೆ 43 ಮೈಕ್ರೋ ಆಂಪಿಯರ್, ಎಲ್‌ಇಡಿಗೆ ಹೇಗೋ ಸಾಕು, ರಿಲೇ (ಕಾಯಿಲ್‌ಗೆ ಕರೆಂಟ್ ಕೊಟ್ರೆ ಆನ್ ಆಗೋ ಸ್ವಿಚ್) ಎಳೆಯೋಕೆ ಸಾಲಲ್ಲ, ಅಲ್ಲಿ ಇನ್ನೊಂದು ಟ್ರಾನ್ಸಿಸ್ಟರ್ ಸೇರಿಸ್ಲೇಬೇಕು. ರಿಲೇ ಕಾಯಿಲ್‌ಗೆ ಉಲ್ಟಾ ಒಂದು ಡಯೋಡ್ ಹಾಕೋದು ಮರೀಬೇಡಿ.

ಇದು ನಿಧಾನದ ಸಾಮಾನು, ಬೆಳಕು ಹೋದ್ಮೇಲೆ ರೆಸಿಸ್ಟೆನ್ಸ್ ಪೂರ್ತಿ ಏರೋಕೆ ಕೆಲವು ಸೆಕೆಂಡೇ ಹಿಡೀಬಹುದು. ಬೀದಿದೀಪಕ್ಕೆ ಪರವಾಗಿಲ್ಲ, ವೇಗವಾಗಿ ಮಿನುಗೋ ಸಿಗ್ನಲ್ ಓದೋಕೆ ಫೋಟೋಡಯೋಡೇ ಸರಿ.

ಕೊನೆಗೆ, ಉರಿಯೋ ದೀಪದ ಬೆಳಕು ಎಲ್‌ಡಿಆರ್ ಮೇಲೇ ಬೀಳದ ಹಾಗೆ ನೋಡ್ಕೊಳ್ಳಿ. ಬಿದ್ರೆ ಎಲ್‌ಇಡಿ ಅರ್ಧಂಬರ್ಧ ಮಂಕಾಗಿ ಉರಿಯತ್ತೆ, ರಿಲೇ ಆದ್ರೆ ಟಕಟಕ ಅಂತ ಹೊಡ್ಕೊಳತ್ತೆ. ಎಲ್‌ಡಿಆರ್ ಸುತ್ತ ಕಪ್ಪು ಟೇಪಿನ ಕೊಳವೆ ಸುತ್ತಿದ್ರೆ ನಿಲ್ಲತ್ತೆ.