70 ದಾಟಿದ್ರೆ ಪಿಕಪ್ ಅದುರುತ್ತೆ, ಬ್ಯಾಲೆನ್ಸಿಂಗ್ ಮಾಡ್ಸಿದ್ರೂ ಹೋಗ್ತಿಲ್ಲ, ಇನ್ನೆಲ್ಲಿ ನೋಡೋದು?

ಪ್ರಶ್ನೆ: ಅಣ್ಣ, ನಂದು ಪಿಕಪ್, 1 ಲಕ್ಷದ 10 ಸಾವಿರ ಕಿಲೋಮೀಟರ್ ಓಡಿದೆ. ಊರೊಳಗೆ ಏನೂ ಗೊತ್ತಾಗಲ್ಲ, ಹೈವೇ ಹತ್ತಿ 70 ದಾಟಿದ್ರೆ ಸಾಕು ಗಾಡಿ ಪೂರ್ತಿ ಅದುರುತ್ತೆ. ಎರಡು ಸಲ ವೀಲ್ ಬ್ಯಾಲೆನ್ಸಿಂಗ್, ಒಂದು ಸಲ ಅಲೈನ್‌ಮೆಂಟ್ ಮಾಡ್ಸಾಯ್ತು. ಈಗ ನಾಲ್ಕೂ ಟೈರ್ ಚೇಂಜ್ ಮಾಡಿ ಅಂತಿದಾರೆ. ಮಾಡಿಸ್ಲಾ?

ಉತ್ತರ: ಈಗ್ಲೇ ಬೇಡ. ಟೈರ್ ಆಗಿರಲೂಬಹುದು, ಇಲ್ಲ ಅಂತಲ್ಲ, ಆದ್ರೆ ಯಾವ್ದು ಅದುರ್ತಿದೆ ಅಂತ ಗೊತ್ತಾಗೋಕ್ಕೆ ಮುಂಚೆ ನಾಲ್ಕು ಟೈರ್‌ಗೆ ದುಡ್ಡು ಸುರಿಯೋದು ಬೇಡ. ಈ ಪ್ರಶ್ನೆ ನನಗೆ ಗೊತ್ತಿರೋ ಪಿಕಪ್ ಡ್ರೈವರ್‌ಗಳಲ್ಲಿ ಅರ್ಧ ಜನ ಒಂದಲ್ಲ ಒಂದು ಸಲ ಕೇಳಿದಾರೆ, ಮತ್ತೆ ಹೆಚ್ಚಿನವರು ಪರಿಹಾರ ಸಿಗೋಕ್ಕೆ ಮುಂಚೆ ಬೇಡದೇ ಇರೋ ಸಾಮಾನು ಬದಲಾಯಿಸಿರ್ತಾರೆ, ನಾವೂ ಹಾಗೇ ಮಾಡಿದ್ವಿ, ಅದನ್ನ ಆಮೇಲೆ ಹೇಳ್ತೀನಿ.

ಮೊದಲು ಒಂದು ಸಣ್ಣ ಲೆಕ್ಕ. 215/75 ಆರ್ 15 ಟೈರ್ ಅಂದ್ಕೊಳ್ಳಿ, ಒಂದು ಸುತ್ತು ತಿರುಗಿದ್ರೆ ಗಾಡಿ ಸುಮಾರು 2.2 ಮೀಟರ್ ಮುಂದೆ ಹೋಗುತ್ತೆ. 80 ಸ್ಪೀಡಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗ್ತಿರುತ್ತೆ, ಅಂದ್ರೆ ಟೈರು ಸೆಕೆಂಡಿಗೆ 10 ಸಲ ತಿರುಗ್ತಿರುತ್ತೆ. ಗೇರ್‌ಬಾಕ್ಸಿಂದ ಹಿಂದಿನ ಚಕ್ರಗಳ ಕಡೆಗೆ ಹೋಗೋ ಉದ್ದ ರಾಡ್ ಇದೆಯಲ್ಲ, ಅದೇ ಪ್ರೊಪೆಲ್ಲರ್ ಶಾಫ್ಟ್. ಹಿಂದಿನ ಡಿಫ್ರೆನ್ಷಿಯಲ್ (ಹಿಂದಿನ ಎರಡು ಚಕ್ರಗಳ ಮಧ್ಯ ಇರೋ ಗೇರ್ ಸೆಟ್ಟು) ರೇಶಿಯೋ 4 ಅಂತಿದ್ರೆ ಈ ಶಾಫ್ಟ್ ಟೈರಿನ ನಾಲ್ಕರಷ್ಟು, ಸೆಕೆಂಡಿಗೆ 40 ಸಲ. ಇಂಜಿನ್ 2000 ಆರ್‌ಪಿಎಂನಲ್ಲಿದ್ರೆ ಸೆಕೆಂಡಿಗೆ 33. ಮೂರೂ ಬೇರೆ ಬೇರೆ ವೇಗದಲ್ಲಿ ತಿರುಗೋದ್ರಿಂದ ಮೂರರ ಅದುರೂ ಕೈಗೆ ಬೇರೆ ಬೇರೆ ಥರ ಗೊತ್ತಾಗುತ್ತೆ. ಸೆಕೆಂಡಿಗೆ 10 ಸಲ ಅಂದ್ರೆ ಕಣ್ಣಿಗೆ ಕಾಣೋ ಅಲುಗಾಟ, ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಕುಣಿಯುತ್ತೆ, ಬಾಟಲಿ ನೀರು ತುಳುಕುತ್ತೆ. 40 ಅಂದ್ರೆ ಕುಣಿತ ಅಲ್ಲ, ಜುಮ್ ಅನ್ನೋ ನಡುಕ, ಅಂಗಾಲಲ್ಲಿ, ಸೀಟಲ್ಲಿ, ಗೇರ್ ರಾಡಲ್ಲಿ ಗೊತ್ತಾಗುತ್ತೆ, ಜೊತೆಗೆ ಕ್ಯಾಬಿನ್ ಒಳಗೆ ಗುಂಯ್ ಅಂತ ಸದ್ದು. ಇದೊಂದು ವ್ಯತ್ಯಾಸ ಗಮನಿಸಿದ್ರೆ ಅರ್ಧ ಕೆಲಸ ಮುಗೀತು.

ಆಮೇಲೆ ಗಾಡಿ ತಗೊಂಡು ಒಂದು ರೌಂಡ್ ಹೋಗಿ, ಖಾಲಿ ರೋಡು, ನೇರ, ಇಳಿಜಾರು ಇರಬಾರದು. ಗೂಡ್ಸ್ ಗಾಡಿಗೆ ನಾಲ್ಕು ಲೇನ್ ಹೈವೇಲೂ ಲಿಮಿಟ್ 80, ಅದಕ್ಕಿಂತ ಜಾಸ್ತಿ ಹೋಗೋ ಅವಶ್ಯಕತೆ ಇಲ್ಲ. ಅದುರು ಶುರುವಾಗೋ ಸ್ಪೀಡಲ್ಲಿ ಗಾಡಿ ಹಿಡ್ಕೊಂಡು, ಸ್ಪೀಡ್ ಬದಲಾಗದ ಹಾಗೆ ಐದನೇ ಗೇರಿಂದ ನಾಲ್ಕಕ್ಕೆ ಹಾಕಿ ನೋಡಿ. ಗಾಡಿ ಸ್ಪೀಡ್ ಅದೇ, ಇಂಜಿನ್ ಮಾತ್ರ ಜಾಸ್ತಿ ತಿರುಗುತ್ತೆ. ಅದುರು ಬದಲಾದ್ರೆ ಇಂಜಿನ್ ಕಡೆ ನೋಡ್ಬೇಕು, ಮೌಂಟಿಂಗ್ ರಬ್ಬರ್, ಫ್ಯಾನ್, ಕ್ಲಚ್, ಹೀಗೆ. ಬದಲಾಗ್ಲೇ ಇಲ್ಲ ಅಂದ್ರೆ ಇಂಜಿನ್ ಬಿಟ್ಬಿಡಿ, ಗೇರ್‌ಬಾಕ್ಸಿಂದ ಹಿಂದೆ ಇರೋದು ಅಥವಾ ಚಕ್ರಗಳು. ಆಮೇಲೆ ಎಕ್ಸಲರೇಟರ್ ಮೇಲಿಂದ ಕಾಲು ತೆಗೀರಿ. ಎಳೆಯೋವಾಗ ಇದ್ದ ನಡುಕ ಕಾಲು ಬಿಟ್ಟ ತಕ್ಷಣ ಕಮ್ಮಿಯಾದ್ರೆ, ಅಥವಾ ಕಾಲು ಬಿಟ್ಟಾಗಲೇ ಜಾಸ್ತಿಯಾದ್ರೆ, ಅದು ಶಾಫ್ಟ್ ಕಡೆಯ ಗುರುತು. ಟೈರಿನ ಅದುರಿಗೆ ನೀವು ಎಳೀತಿದೀರೋ ಬಿಟ್ಟಿದೀರೋ ಅನ್ನೋದು ಅಷ್ಟಾಗಿ ಲೆಕ್ಕಕ್ಕಿಲ್ಲ. ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ನಡುಗಿದ್ರೆ ಅದು ಮುಂದಿನ ಡಿಸ್ಕಿಂದು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಗಾಡಿ ಚಲಿಸ್ತಿರೋವಾಗ ಯಾವ ಕಾರಣಕ್ಕೂ ಇಂಜಿನ್ ಆಫ್ ಮಾಡ್ಬೇಡಿ, ಬ್ರೇಕ್ ಕಲ್ಲಾಗುತ್ತೆ, ಪವರ್ ಸ್ಟೇರಿಂಗ್ ಇದ್ರೆ ಅದೂ ಗಟ್ಟಿಯಾಗುತ್ತೆ.

ಈಗ ಟೈರ್ ವಿಷಯ. ಅಲೈನ್‌ಮೆಂಟ್ ಮಾಡ್ಸಿದೀನಿ ಅಂದ್ರಲ್ಲ, ಅಲೈನ್‌ಮೆಂಟ್ ಕೆಟ್ರೆ ಗಾಡಿ ಒಂದು ಕಡೆ ಎಳೆಯುತ್ತೆ, ಟೈರ್ ಒಂದು ಅಂಚು ಸವೆಯುತ್ತೆ, ಅದುರು ಅದರಿಂದ ನೇರವಾಗಿ ಬರಲ್ಲ. ಬ್ಯಾಲೆನ್ಸಿಂಗ್ ಬೇರೆ, ಅದು ಚಕ್ರದ ಸುತ್ತ ತೂಕ ಸಮ ಮಾಡೋದು. ರಿಮ್ ಅಂಚಲ್ಲಿ 30 ಗ್ರಾಂ ವ್ಯತ್ಯಾಸ ಇದ್ರೂ 80 ಸ್ಪೀಡಲ್ಲಿ ಅದು ಸುಮಾರು ಎರಡು ಕಾಲು ಕೆಜಿ ಜೋರಲ್ಲಿ ಜಗ್ಗುತ್ತೆ, ಸೆಕೆಂಡಿಗೆ 10 ಸಲ. 40 ಸ್ಪೀಡಲ್ಲಿ ಆ ಜೋರು ಕಾಲು ಭಾಗ ಅಷ್ಟೆ, ಯಾಕಂದ್ರೆ ಸ್ಪೀಡ್ ಡಬಲ್ ಆದ್ರೆ ಜಗ್ಗೋದು ನಾಲ್ಕರಷ್ಟಾಗುತ್ತೆ, ಅದಕ್ಕೇ ನಿಮಗೆ ಊರೊಳಗೆ ಏನೂ ಗೊತ್ತಾಗದೇ ಇರೋದು. 30 ಗ್ರಾಂ ಅಂದ್ರೆ ಒಂದು ಹಿಡಿ ಮಣ್ಣೂ ಅಲ್ಲ. ಮಳೆಗಾಲದಲ್ಲಿ ಹೊಲಕ್ಕೆ, ತೋಟಕ್ಕೆ ಗಾಡಿ ಇಳಿಸಿರ್ತೀವಲ್ಲ, ರಿಮ್ ಒಳಗಡೆ ಕೆಸರು ಮೆತ್ಕೊಂಡು ಒಣಗಿ ಕಲ್ಲಾಗಿರುತ್ತೆ, ಹೊರಗಿಂದ ಕಾಣಲ್ಲ. ಆ ಮಣ್ಣಿನ ಸಮೇತ ಬ್ಯಾಲೆನ್ಸಿಂಗ್ ಮಾಡಿ ತೂಕ ಅಂಟಿಸಿದ್ರೆ ಒಂದು ವಾರ ಚೆನ್ನಾಗಿರುತ್ತೆ, ಆಮೇಲೆ ಒಂದು ಹೆಂಟೆ ಉದುರುತ್ತೆ, ಮತ್ತೆ ಶುರು. ಮಲೆನಾಡು ಕಡೆ ಗಾಡಿ ಓಡ್ಸೋರು ಇದನ್ನ ಮೊದಲು ನೋಡ್ಬೇಕು, ಚಕ್ರ ಬಿಚ್ಚಿ ಒಳಗೆಲ್ಲ ಕೆರೆದು ತೊಳೆದು ಆಮೇಲೆ ಮಿಷಿನ್‌ಗೆ ಹಾಕ್ಸಿ.

ಮಿಷಿನ್ ಸೊನ್ನೆ ತೋರ್ಸಿದ್ರೂ ಟೈರ್ ದುಂಡಗಿಲ್ದೇ ಇರ್ಬಹುದು, ಇದನ್ನ ತುಂಬಾ ಜನ ನಂಬಲ್ಲ. ತೂಕ ಸಮ ಇರೋದು ಬೇರೆ, ಆಕಾರ ಸಮ ಇರೋದು ಬೇರೆ. ಗಟ್ಟಿ ನೆಲದಲ್ಲಿ ಗಾಡಿ ನಿಲ್ಸಿ, ಬೇರೆ ಚಕ್ರಗಳಿಗೆ ಕಲ್ಲು ಕೊಟ್ಟು, ಒಂದೊಂದೇ ಚಕ್ರ ಜಾಕಿ ಮೇಲೆ ಎತ್ತಿ, ಟೈರಿನ ಮೈಗೆ ಒಂದು ಕೂದಲೆಳೆ ಜಾಗ ಬಿಟ್ಟು ಇಟ್ಟಿಗೆ ಮೇಲೆ ಒಂದು ಕಡ್ಡಿ ಇಟ್ಟು ಚಕ್ರ ನಿಧಾನ ತಿರುಗಿಸಿ. ಜಾಗ ಹೆಚ್ಚು ಕಮ್ಮಿ ಆಗ್ತಿದ್ರೆ ಕಣ್ಣಿಗೇ ಕಾಣುತ್ತೆ, ಒಂದೂವರೆ ಮಿಲ್ಲಿಮೀಟರ್ ಒಳಗಿದ್ರೆ ಚಿಂತೆ ಇಲ್ಲ. ಹಂಗೇ ಸೈಡಲ್ಲೂ ನೋಡಿ, ರಿಮ್ ಬೆಂಡಾಗಿದ್ರೆ ಗೊತ್ತಾಗುತ್ತೆ. ಟೈರ್ ಅಂಚು ರಿಮ್‌ಗೆ ಸೇರೋ ಜಾಗದಲ್ಲಿ ಟೈರ್ ಸುತ್ತ ಒಂದು ಸಣ್ಣ ಗೆರೆ ಇರುತ್ತೆ, ಆ ಗೆರೆ ರಿಮ್ಮಿಂದ ಎಲ್ಲಾ ಕಡೆ ಒಂದೇ ದೂರ ಇರಬೇಕು, ಇಲ್ಲಾಂದ್ರೆ ಟೈರ್ ಸರಿಯಾಗಿ ಕೂತಿಲ್ಲ ಅಂತ ಅರ್ಥ, ಗಾಳಿ ಬಿಟ್ಟು ಮತ್ತೆ ಕೂರ್ಸಿದ್ರೆ ಸರಿಹೋಗುತ್ತೆ. ಟ್ಯೂಬ್ ಇರೋ ಟೈರಾದ್ರೆ ಒಳಗೆ ಟ್ಯೂಬ್ ಮಡಚ್ಕೊಂಡು ಕೂತಿರೋ ಸಾಧ್ಯತೆನೂ ಇದೆ. ವಾರಗಟ್ಲೆ ಲೋಡ್ ಸಮೇತ ನಿಂತ ಗಾಡಿ ಬೆಳಿಗ್ಗೆ ಅದುರಿ 10-15 ಕಿಲೋಮೀಟರ್ ಆದ್ಮೇಲೆ ಸರಿಹೋದ್ರೆ ಅದು ಟೈರ್ ಕೆಳಗೆ ಚಪ್ಪಟೆಯಾಗಿದ್ದು ಅಷ್ಟೆ, ಬಿಡಿ.

ಆದ್ರೆ ಒಂದು ಮಾತ್ರ ಬಿಡೋ ಹಾಗಿಲ್ಲ. ಟೈರಿನ ಮೈ ಮೇಲೆ ಅಥವಾ ಸೈಡಲ್ಲಿ ಗುಳ್ಳೆ ಥರ ಉಬ್ಬಿದ್ರೆ, ಅಥವಾ 20-30 ಸ್ಪೀಡಲ್ಲೇ ಗಾಡಿ ಬಾತುಕೋಳಿ ನಡೆದ ಹಾಗೆ ತೂಗಾಡೋಕೆ ಶುರುವಾಗಿ ದಿನಾ ಜಾಸ್ತಿ ಆಗ್ತಿದ್ರೆ, ಒಳಗೆ ತಂತಿ ಪದರ ಬಿಟ್ಕೊಂಡಿದೆ ಅಂತ, ಆ ಟೈರಲ್ಲಿ ಇನ್ನು ಹೈವೇ ಹತ್ತಲೇಬೇಡಿ, ಇವತ್ತೇ ಸ್ಟೆಪ್ನಿ ಹಾಕ್ಕೊಳ್ಳಿ. ರೀಸೋಲ್ ಮಾಡ್ಸಿದ, ಅಂದ್ರೆ ಸವೆದ ಟೈರ್ ಮೇಲೆ ಹೊಸ ರಬ್ಬರ್ ಕೂರ್ಸಿದ ಟೈರ್ ಹಾಕಿದ್ರೆ ಇನ್ನೂ ಜೋಪಾನ, ಅದನ್ನ ದಯವಿಟ್ಟು ಮುಂದೆ ಹಾಕ್ಬೇಡಿ. ಟೈರ್ ವಯಸ್ಸೂ ನೋಡಿ, ಸೈಡಲ್ಲಿ ನಾಲ್ಕು ಅಂಕಿ ಇರುತ್ತೆ, 2319 ಅಂತಿದ್ರೆ 2019ರ 23ನೇ ವಾರ ತಯಾರಾಗಿದ್ದು.

ಮುಂದಿನದೋ ಹಿಂದಿನದೋ ಗೊತ್ತಾಗ್ತಿಲ್ಲ ಅಂದ್ರೆ ಹಿಂದಿನ ಚಕ್ರ ಮುಂದೆ, ಮುಂದಿಂದು ಹಿಂದೆ ಹಾಕಿ ಓಡ್ಸಿ. ಅದುರು ಸ್ಟೇರಿಂಗಿಂದ ಸೀಟಿಗೆ ಬಂದ್ರೆ, ಅಥವಾ ಸೀಟಿಂದ ಸ್ಟೇರಿಂಗ್‌ಗೆ ಹೋದ್ರೆ, ಚಕ್ರದ್ದೇ ತಪ್ಪು, ಖಾತ್ರಿ. ಏನೂ ಬದಲಾಗ್ಲಿಲ್ಲ ಅಂದ್ರೆ ಚಕ್ರ ಅಲ್ಲ. ಇದಕ್ಕೆ ಖರ್ಚು ಅಂದ್ರೆ ಒಂದು ಗಂಟೆ ಸಮಯ, ಒಂದು ಜಾಕಿ, ಒಂದು ವೀಲ್ ಪಾನ, ಮತ್ತೆ ಇದು ಯಾವ ಮಿಷಿನ್‌ಗಿಂತ ಜಾಸ್ತಿ ನಿಜ ಹೇಳುತ್ತೆ. ಹಾಕೋವಾಗ ಹಬ್ (ಚಕ್ರ ಹೋಗಿ ಕೂರೋ ಭಾಗ) ಮೇಲಿನ ತುಕ್ಕು ಉಜ್ಜಿ ಹಾಕಿ, ತುಕ್ಕಿನ ಚಕ್ಕೆ ಮಧ್ಯ ಸಿಕ್ಕಿದ್ರೆ ಚಕ್ರ ಸೊಟ್ಟ ಕೂರುತ್ತೆ. ನಟ್‌ಗಳನ್ನ ಎದುರು ಬದುರು ಟೈಟ್ ಮಾಡಿ, ಸಾಲಾಗಿ ಸುತ್ತ ಅಲ್ಲ. ಹಂಗೇ ಜಾಕಿ ಮೇಲಿರೋವಾಗ ಚಕ್ರ ಮೇಲೆ ಕೆಳಗೆ ಹಿಡಿದು ಅಲ್ಲಾಡ್ಸಿ, ಆಟ ಇದ್ರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡ ಬಲ ಆಡಿದ್ರೆ ಟೈ ರಾಡ್ ಎಂಡ್.

ಈಗ ನಾನು ಹೇಳ್ಬೇಕು ಅಂತಿದ್ದಿದ್ದು, ಪ್ರೊಪೆಲ್ಲರ್ ಶಾಫ್ಟ್. ಕಾರ್ ನೋಡೋ ಗ್ಯಾರೇಜ್‌ಗಳಲ್ಲಿ ಇದು ಲೆಕ್ಕಕ್ಕೇ ಬರಲ್ಲ, ಯಾಕಂದ್ರೆ ಈಗಿನ ಬಹಳಷ್ಟು ಕಾರುಗಳಲ್ಲಿ ಇಂಜಿನ್ ಮುಂದಿನ ಚಕ್ರಗಳನ್ನೇ ತಿರುಗಿಸುತ್ತೆ, ಈ ಉದ್ದ ಶಾಫ್ಟೇ ಇರಲ್ಲ. ಪಿಕಪ್‌ನಲ್ಲಿ ಇದೆ, ಮತ್ತೆ ಅದು ಚಕ್ರಕ್ಕಿಂತ ನಾಲ್ಕರಷ್ಟು ಜೋರಾಗಿ ತಿರುಗುತ್ತೆ.

ನಮ್ಮನೆ ಗಾಡಿ ಹಿರಿಯೂರು ಕಡೆಯಿಂದ ಈರುಳ್ಳಿ ಹೇರ್ಕೊಂಡು ಯಶವಂತಪುರ ಮಂಡಿಗೆ ಹೋಗ್ತಿತ್ತು. ಒಂದ್ಸಲ ಕ್ಲಚ್ ಪ್ಲೇಟ್ ಹಾಕ್ಸಿದ್ವಿ, ಗಾಡಿ ಆಚೆ ಬಂದ ದಿನದಿಂದ್ಲೇ ಸಿರಾ ದಾಟಿ ಸ್ಪೀಡ್ ಹಿಡಿದ್ರೆ ಕಾಲಡಿ ಜುಮ್ ಅನ್ನೋದು. ಗ್ಯಾರೇಜಲ್ಲಿ ಕೇಳಿದ್ರೆ ಟೈರ್ ಅಂದ್ರು, ಅಪ್ಪ ಎರಡು ಹೊಸ ಟೈರ್ ಹಾಕ್ಸಿದ್ರು, ಸೀಸನ್ ದುಡ್ಡು, ಹೋಗ್ಲಿಲ್ಲ. ಮೂರು ತಿಂಗಳು ಹಂಗೇ ಓಡ್ಸಿದ್ವಿ. ಕೊನೆಗೆ ಹೈವೇ ಪಕ್ಕದ ಒಬ್ಬ ವಯಸ್ಸಾದ ಲಾರಿ ಮೆಕಾನಿಕ್ಕು ಗಾಡಿ ಕೆಳಗೆ ಮಲಗಿ ಒಂದೇ ನಿಮಿಷದಲ್ಲಿ, ಏನಪ್ಪಾ ಇದು ಎರಡು ಕಡೆ ಯೋಕ್ ಒಂದೇ ಸಾಲಲ್ಲಿಲ್ಲವಲ್ಲ ಅಂದ್ರು. ಯೋಕ್ ಅಂದ್ರೆ ಶಾಫ್ಟಿನ ತುದೀಲಿರೋ ಕವೆ ಥರದ ಭಾಗ. ಕ್ಲಚ್ ಇಳಿಸೋವಾಗ ಶಾಫ್ಟ್ ಬಿಚ್ಚಿ ಮತ್ತೆ ಸೇರ್ಸೋವಾಗ ಹಲ್ಲು ತಪ್ಪಿ ಹಾಕಿದ್ರು. ಅವ್ರು ಬಿಚ್ಚಿ ತಿರುಗಿಸಿ ಹಾಕಿದ್ರು, ಒಂದು ಸಾಮಾನೂ ಬೇಕಾಗ್ಲಿಲ್ಲ, ನಡುಕ ಅಲ್ಲಿಗೇ ನಿಂತ್ತು. ಆ ಎರಡು ಟೈರಿನ ದುಡ್ಡು ನೆನೆಸ್ಕೊಂಡ್ರೆ ನನಗೆ ಇವತ್ತಿಗೂ ಬೇಜಾರಾಗುತ್ತೆ.

ಯಾಕೆ ಹಂಗಾಗುತ್ತೆ ಅಂದ್ರೆ, ಶಾಫ್ಟಿನ ಎರಡೂ ತುದೀಲಿ ಯೋಕ್‌ಗಳನ್ನ ಸೇರಿಸೋ ಕ್ರಾಸ್, ಅಂದ್ರೆ ಪ್ಲಸ್ ಆಕಾರದ ಕೀಲು ಇರುತ್ತಲ್ಲ, ಶಾಫ್ಟ್ ಓರೆಯಾಗಿ ತಿರುಗೋವಾಗ ಒಂದು ಕ್ರಾಸ್ ಪ್ರತಿ ಸುತ್ತಿಗೆ ಎರಡು ಸಲ ಶಾಫ್ಟನ್ನ ಸ್ವಲ್ಪ ಬೇಗ, ಸ್ವಲ್ಪ ನಿಧಾನ ಮಾಡುತ್ತೆ. ಇನ್ನೊಂದು ತುದಿ ಕ್ರಾಸ್ ಅದಕ್ಕೆ ಉಲ್ಟಾ ಮಾಡಿ ಸರಿದೂಗಿಸುತ್ತೆ, ಆದ್ರೆ ಎರಡು ಶರತ್ತು, ಯೋಕ್‌ಗಳು ಸಾಲಾಗಿರ್ಬೇಕು, ಎರಡೂ ಕಡೆ ಓರೆ ಒಂದೇ ಸಮ ಇರ್ಬೇಕು. ಮೊದಲನೇದು ನಮ್ಮ ಗಾಡೀಲಿ ತಪ್ಪಿತ್ತು. ಎರಡನೇದು ತಪ್ಪೋದು ಜಾಸ್ತಿ ಲೋಡ್‌ಗೆ ಅಂತ ಹಿಂದೆ ಎಕ್ಸ್‌ಟ್ರಾ ಪ್ಲೇಟ್ ಹಾಕ್ಸಿದಾಗ. ಲೀಫ್ ಸ್ಪ್ರಿಂಗ್‌ಗೆ ಎರಡು ಪ್ಲೇಟ್ ಸೇರ್ಸಿದ್ರೆ ಗಾಡಿ ಹಿಂದೆ ಎದ್ದು ನಿಲ್ಲುತ್ತೆ, ಶಾಫ್ಟಿನ ಓರೆ ಬದಲಾಗುತ್ತೆ, ಖಾಲಿ ಬರೋವಾಗ ನಡುಗುತ್ತೆ, ಲೋಡ್ ಹಾಕಿದ್ರೆ ಸುಮ್ಮನಾಗುತ್ತೆ. ಉಲ್ಟಾನೂ ಇದೆ, ಹಳೇ ಸ್ಪ್ರಿಂಗ್ ಸತ್ತು ಚಪ್ಪಟೆಯಾಗಿದ್ರೆ ಲೋಡಲ್ಲಿ ನಡುಗುತ್ತೆ, ಖಾಲೀಲಿ ಇಲ್ಲ. ನಿಮ್ಮ ಗಾಡಿ ಖಾಲಿ ಇದ್ದಾಗ ಮತ್ತೆ ಲೋಡಲ್ಲಿ ಒಂದೇ ಥರ ಅದುರುತ್ತಾ ಅಂತ ನೀವು ಬರೆದಿಲ್ಲ, ಅದನ್ನ ಮೊದಲು ನೋಡಿ. ಸ್ಪ್ರಿಂಗ್ ಕೆಲಸ ಮಾಡ್ಸಿದ್ರೆ ಯು-ಬೋಲ್ಟ್ ಒಂದು ವಾರ ಓಡಿದ ಮೇಲೆ ಮತ್ತೆ ಟೈಟ್ ಮಾಡ್ಸ್ಬೇಕು, ಲೂಸಾದ್ರೆ ಎಳೆಯೋವಾಗ ಹಿಂದಿನ ಡಿಫ್ರೆನ್ಷಿಯಲ್ ಹೌಸಿಂಗ್ ಮೂತಿ ಮೇಲಕ್ಕೆ ಏಳುತ್ತೆ, ಓರೆ ಮತ್ತೆ ಕೆಡುತ್ತೆ.

ಇನ್ನು ಕ್ರಾಸ್ ಸವೆದಿರೋದು. 1 ಲಕ್ಷ ದಾಟಿದ ಗಾಡೀಲಿ, ಅದೂ ಗ್ರೀಸ್ ಹೊಡ್ಸೋದು ಮರೆತಿದ್ರೆ, ತೀರಾ ಸಾಮಾನ್ಯ. ಗೇರ್ ಹಾಕಿ ಕ್ಲಚ್ ಬಿಟ್ಟಾಗ ಕೆಳಗಿಂದ ಟಣ್ ಅಂತ ಸದ್ದು, ನಿಧಾನ ಹೋಗೋವಾಗ ಚಿರ್ ಚಿರ್ ಅಂತ ಲಯವಾಗಿ ಸದ್ದು, ಕ್ರಾಸ್ ಕಪ್ ಸುತ್ತ ಕುಂಕುಮದ ಥರ ತುಕ್ಕು ಪುಡಿ, ಇಷ್ಟು ಕಂಡ್ರೆ ಒಳಗಿನ ಸೂಜಿ ಬೇರಿಂಗ್ ಒಣಗಿದೆ. ಚಕ್ರಗಳಿಗೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ, ಇಂಜಿನ್ ಆಫ್ ಮಾಡಿ ಶಾಫ್ಟ್ ಕೈಯಲ್ಲಿ ಹಿಡಿದು ತಿರುಚಿ ನೋಡಿ, ಕ್ರಾಸಲ್ಲಿ ಒಂಚೂರೂ ಆಟ ಇರಬಾರದು. ಶಾಫ್ಟ್ ಎರಡು ತುಂಡಾಗಿದ್ರೆ ಮಧ್ಯ ಸೆಂಟರ್ ಬೇರಿಂಗ್ ಇರುತ್ತೆ, ಅದರ ರಬ್ಬರ್ ಹರಿದಿದ್ರೆ ಲೋಡಲ್ಲಿ ಗಾಡಿ ಎತ್ತೋವಾಗ್ಲೇ ಗಡಗಡ ಅನ್ನುತ್ತೆ. ಶಾಫ್ಟ್ ಮೈ ಮೇಲೂ ಕಣ್ಣಾಡ್ಸಿ, ಬ್ಯಾಲೆನ್ಸ್‌ಗೆ ಅಂತ ಸಣ್ಣ ತಗಡು ವೆಲ್ಡ್ ಮಾಡಿರ್ತಾರೆ, ಅದು ಬಿದ್ದುಹೋಗಿದ್ರೆ ಗುರುತು ಕಾಣುತ್ತೆ, ಕಲ್ಲು ಹೊಡೆದು ತಗ್ಗಾಗಿದ್ರೂ ಕಾಣುತ್ತೆ. ಸುಗ್ಗಿ ಟೈಮಲ್ಲಿ ರೋಡ್ ಮೇಲೆ ಹುರುಳಿ ಒಕ್ಕಣೆಗೆ ಹಾಕಿರ್ತಾರಲ್ಲ, ಅದರ ಮೇಲೆ ಹೋದಾಗ ಬಳ್ಳಿ ಶಾಫ್ಟ್‌ಗೆ ಸುತ್ಕೊಳ್ಳುತ್ತೆ, ಅದುರೋದು ಹಾಗಿರ್ಲಿ, ಸೈಲೆನ್ಸರ್ ಬಿಸಿಗೆ ಬೆಂಕಿನೇ ಹತ್ಕೊಳ್ಳುತ್ತೆ, ಕಂಡ ಕೂಡ್ಲೇ ನಿಲ್ಸಿ ಕಿತ್ತು ಹಾಕಿ.

ನಿಮ್ಮ ಗಾಡಿಗೆ ನಾನಾಗಿದ್ರೆ ಮೊದಲು ಚಕ್ರ ತೊಳೆದು ಹಿಂದೆ ಮುಂದೆ ಬದಲಾಯಿಸಿ ಒಂದು ರೌಂಡ್ ಓಡ್ಸ್ತಿದ್ದೆ, ಅದುರು ಜಾಗ ಬದಲಾಯಿಸ್ಲಿಲ್ಲ ಅಂದ್ರೆ ಅವತ್ತೇ ಕೆಳಗೆ ಮಲಗಿ ಕ್ರಾಸ್ ನೋಡ್ತಿದ್ದೆ. ಶಾಫ್ಟ್ ಬಿಚ್ಚೋ ಪರಿಸ್ಥಿತಿ ಬಂದ್ರೆ ಕಾರ್ ಗ್ಯಾರೇಜ್‌ಗಿಂತ ಲಾರಿ ಕೆಲಸ ಮಾಡೋರ ಹತ್ರ ಹೋಗಿ, ಅವರಿಗೆ ಈ ಕೆಲಸ ದಿನಾ ಇರುತ್ತೆ. ಮತ್ತೆ ಅವರು ಪಾನ ಕೈಗೆ ತಗೊಳ್ಳೋಕ್ಕೆ ಮುಂಚೆ ನೀವೇ ನಿಂತು ಒಂದು ಪೇಂಟ್ ಬ್ರಶ್ಶಿಂದಲೋ ಉಳಿಯಿಂದಲೋ ಶಾಫ್ಟಿನ ಜೋಡಣೆ ಆಚೆ ಈಚೆ ಎರಡೂ ಕಡೆ ನೇರವಾಗಿ ಗುರುತು ಹಾಕ್ಸಿ, ಫ್ಲೇಂಜ್ (ಬೋಲ್ಟ್ ಹಾಕಿ ಶಾಫ್ಟ್ ಸೇರ್ಸೋ ತಟ್ಟೆ) ಮೇಲೂ ಒಂದು ಗುರುತು, ಕೆಲವು ಶಾಫ್ಟಲ್ಲಿ ಕಂಪನಿಯವರೇ ಬಾಣದ ಗುರುತು ಕೊಟ್ಟಿರ್ತಾರೆ ಆದ್ರೆ ಗ್ರೀಸು ಮಣ್ಣಲ್ಲಿ ಮುಚ್ಚೋಗಿರುತ್ತೆ, ಡೀಸೆಲ್ ಹಾಕಿ ಒರೆಸಿದ್ರೆ ಕಾಣುತ್ತೆ.